ಬೀಳಿಸುವ ಕೈ, ಬಿಡದ ಕೈ: ಜೂಡೊದ ಎರಡು ಧ್ಯೇಯವಾಕ್ಯಗಳ ಕುರಿತು

(ದೈಹಿಕ ಶಿಕ್ಷಣ ಶಿಕ್ಷಕರು ಮತ್ತು ಪೋಷಕರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಯುದ್ಧಕಲೆ ಕಲಿಸುವ ಯಾವ ಕೇಂದ್ರಕ್ಕೆ ಕಾಲಿಟ್ಟರೂ ಗೋಡೆಯ ಮೇಲೊಂದು ಧ್ಯೇಯವಾಕ್ಯ ಕಾಣಿಸುತ್ತದೆ. ಗೌರವ, ಶಿಸ್ತು, ಸಂಯಮ, ಧೈರ್ಯ ಎಂಬ ಮಾತುಗಳು ಒಂದಲ್ಲ ಒಂದು ಕ್ರಮದಲ್ಲಿ ಅಲ್ಲಿ ಇದ್ದೇ ಇರುತ್ತವೆ. ಮಗುವನ್ನು ಸೇರಿಸಲು ಬಂದ ತಂದೆತಾಯಿ ಅದನ್ನು ಓದಿ, ಇಲ್ಲಿ ಬರೀ ಹೊಡೆದಾಟ ಕಲಿಸುವುದಿಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಆ ಬರಹಕ್ಕೂ ಅದರ ಕೆಳಗೆ ಚಾಪೆಯ ಮೇಲೆ ದಿನವೂ ನಡೆಯುವ ಕೆಲಸಕ್ಕೂ ಇರುವ ಸಂಬಂಧವೇನು ಎಂದು ಮಾತ್ರ ನಾವು ಕೇಳುವುದು ಕಡಿಮೆ. ಇನ್ನೊಬ್ಬರನ್ನು ಎತ್ತಿ ನೆಲಕ್ಕೆ ಒಗೆಯುವುದನ್ನು, ಕತ್ತನ್ನು ಅಮುಕಿ ಉಸಿರು ಕಟ್ಟಿಸುವುದನ್ನು, ಮೊಣಕೈಯ ಕೀಲನ್ನು ತಿರುಚುವುದನ್ನು ಕಲಿಸುವ ಜಾಗದಲ್ಲಿ ನೀತಿ ಎಂಬುದು ಹೊರಗಿನಿಂದ ತಂದು ಅಂಟಿಸಿದ ಚೀಟಿಯೋ, ಅಥವಾ ಆ ಕೆಲಸದ ಒಳಗಿನಿಂದಲೇ ಹುಟ್ಟಿದ್ದೋ? ಇಂದು ನಾನು ಉತ್ತರಿಸಲು ಪ್ರಯತ್ನಿಸುವುದು ಈ ಒಂದೇ ಪ್ರಶ್ನೆಯನ್ನು, ಅದೂ ಜಪಾನಿನ ಜೂಡೊವನ್ನು ಮುಂದಿಟ್ಟುಕೊಂಡು.

ಜೂಡೊ ಸಮುದಾಯಕ್ಕೆ ಎರಡು ಧ್ಯೇಯವಾಕ್ಯಗಳಿವೆ. ಒಂದು 'ಸೇರ್ಯೊಕು ಝೆನ್‌ಯೊ', ಎಂದರೆ ದೇಹ ಮತ್ತು ಮನಸ್ಸಿನ ಶಕ್ತಿಯನ್ನು ಅತ್ಯಂತ ಸಮರ್ಪಕವಾಗಿ, ಒಳಿತಿಗಾಗಿ ಬಳಸುವುದು. ಇನ್ನೊಂದು 'ಜಿತಾ ಕ್ಯೊಯೇ', ಎಂದರೆ ನಾನೂ ಇತರರೂ ಕೂಡಿಯೇ ಏಳಿಗೆ ಹೊಂದುವುದು. ಜೂಡೊದ ಸ್ಥಾಪಕ ಜಿಗೊರೊ ಕಾನೊ ಇವೆರಡನ್ನೂ ವಿಧಿವತ್ತಾಗಿ ಸಾರಿದ್ದು 1922ರಲ್ಲಿ, ತಮ್ಮ ಜೂಡೊ ಶಾಲೆಯಾದ ಕೊಡೊಕಾನ್‌ನ ಸಾಂಸ್ಕೃತಿಕ ಸಂಘವನ್ನು ಆರಂಭಿಸಿದಾಗ. ಜೂಡೊ ಹುಟ್ಟಿದ್ದು 1882ರಲ್ಲಿ. ಹಾಗಾದರೆ ಈ ಎರಡು ಮಾತುಗಳು ರೂಪ ಪಡೆಯಲು ಸರಿಯಾಗಿ ನಲವತ್ತು ವರ್ಷ ಬೇಕಾಯಿತು. ಮೊದಲು ಆದರ್ಶವೊಂದನ್ನು ಬರೆದಿಟ್ಟು ಅದಕ್ಕೆ ತಕ್ಕಂತೆ ಕಲೆಯನ್ನು ಕಟ್ಟಲಿಲ್ಲ. ನಲವತ್ತು ವರ್ಷ ಜನರನ್ನು ಎಸೆದು, ತಾವೂ ಎಸೆಯಿಸಿಕೊಂಡು, ಕಲಿಸಿ, ಕಲಿತು ಆದ ಮೇಲೆ ಕಂಡುಕೊಂಡ ತೀರ್ಮಾನ ಅದು. ನನ್ನ ವಾದಕ್ಕೆ ಇದೇ ಮೊದಲ ಆಧಾರ.

ಕಾನೊ ಹುಟ್ಟಿದ್ದು 1860ರಲ್ಲಿ, ಇಂದಿನ ಕೋಬೆ ನಗರಕ್ಕೆ ಸೇರಿದ ಮಿಕಾಗೆಯಲ್ಲಿ. ಓದಲು ತೋಕಿಯೊಗೆ ಬಂದಾಗ ಕುಳ್ಳಗೆ, ತೆಳ್ಳಗೆ ಇದ್ದ ಈ ಹುಡುಗನನ್ನು ಶಾಲೆಯ ದಾಂಡಿಗರು ಪೀಡಿಸುತ್ತಿದ್ದರು. ದುರ್ಬಲನೂ ಬಲಶಾಲಿಯನ್ನು ಮಣಿಸಬಲ್ಲ ಜುಜುತ್ಸು ಎಂಬ ವಿದ್ಯೆಯೊಂದಿದೆ ಎಂದು ಕೇಳಿ ಅದನ್ನು ಕಲಿಯಲೇಬೇಕೆಂದು ಕಾನೊ ಹಟ ಹಿಡಿದರು. ಆದರೆ 1868ರಲ್ಲಿ ಅಧಿಕಾರ ಮತ್ತೆ ಚಕ್ರವರ್ತಿಯ ಕೈಗೆ ಬಂದ ಮೆಯ್ಜಿ ಪುನಃಸ್ಥಾಪನೆಯ ನಂತರ ಸಮುರಾಯ್ ವರ್ಗವೇ ಕರಗಿಹೋಗುತ್ತಿತ್ತು. ಅದರೊಂದಿಗೆ ಜುಜುತ್ಸುವಿಗೆ ಮರ್ಯಾದೆಯೂ ಹೋಗಿತ್ತು, ಅನ್ನವೂ ಹೋಗಿತ್ತು. ಹಳೆಯ ಗುರುಗಳಲ್ಲಿ ಅನೇಕರು ಉಳುಕು ತೆಗೆದು, ಮುರಿದ ಮೂಳೆ ಕಟ್ಟಿ ಹೊಟ್ಟೆ ಹೊರೆಯುತ್ತಿದ್ದರು. ಹೀಗಾಗಿ ಕಾನೊ ಗುರುವನ್ನು ಹುಡುಕಿದ್ದು ಮೂಳೆ ಕಟ್ಟುವವರ ಮನೆಗಳಲ್ಲಿ. ಕೊನೆಗೆ ಸಿಕ್ಕ ಹಚಿನೊಸುಕೆ ಫುಕುದಾ ಅವರೂ ಅದೇ ವೃತ್ತಿಯವರು. ಮುರಿಯುವ ವಿದ್ಯೆ ಗೊತ್ತಿದ್ದವರೇ ಕಟ್ಟುವ ವಿದ್ಯೆಯಿಂದ ಬದುಕುತ್ತಿದ್ದ ಕಾಲ ಅದು.

ಫುಕುದಾ ಅವರ ಬೋಧನೆಯ ಬಗೆಯನ್ನು ಕಾನೊ ಮುಂದೆ ನೆನಪಿಸಿಕೊಂಡಿದ್ದಾರೆ. ಒಂದು ಎಸೆತದಲ್ಲಿ ಕೈ ಎಲ್ಲಿರಬೇಕು, ಕಾಲು ಹೇಗಿರಬೇಕು, ಬಲ ಎಲ್ಲಿಂದ ಬರಬೇಕು ಎಂದು ಶಿಷ್ಯ ಕೇಳಿದರೆ, ಗುರುಗಳು ಬಾ ಎಂದು ಕರೆದು ಎಸೆಯುತ್ತಿದ್ದರು. ಮತ್ತೆ ಕೇಳಿದರೆ ಮತ್ತೆ ಎಸೆತ. ಮಾಡುತ್ತಾ ಹೋದರೆ ತಿಳಿಯುತ್ತದೆ ಎಂಬುದೇ ಉತ್ತರ. ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳನ್ನು ಓದುತ್ತಿದ್ದ ಯುವಕನಿಗೆ ಆ ಉತ್ತರ ಸಾಲಲಿಲ್ಲ. ಫುಕುದಾ 1879ರಲ್ಲಿ ತೀರಿಕೊಂಡ ನಂತರ ಕಾನೊ ಬೇರೆ ಗುರುಗಳ ಬಳಿಗೆ ಹೋದರು. ಜುಜುತ್ಸುವಿನ ಕೀತೊ ಶಾಖೆಯ ಇಕುಬೊ ಅವರಲ್ಲಿ ಕಲಿಯುತ್ತಿದ್ದಾಗ ಒಂದು ದಿನ, ಯಾವತ್ತೂ ತಮ್ಮನ್ನು ಸಲೀಸಾಗಿ ಎಸೆಯುತ್ತಿದ್ದ ಗುರುವನ್ನು ತಾವೇ ಮತ್ತೆ ಮತ್ತೆ ಎಸೆದರು. ಗುರುಗಳು ಅಚ್ಚರಿಯಿಂದ ಕಾರಣ ಕೇಳಿದಾಗ ಅವರು ಹೇಳಿದ್ದು ಇಷ್ಟೇ: ಎಸೆಯುವ ಮೊದಲು ಎದುರಿನವರ ಸಮತೋಲನವನ್ನು ತಪ್ಪಿಸಬೇಕು, ಎಸೆತ ಆಮೇಲಿನ ಮಾತು. ಇಂದು ಜೂಡೊ ಕಲಿಯುವ ಪ್ರತಿ ಮಗುವೂ ಎಸೆತದ ಪಾಠದಲ್ಲಿ 'ಕುಝುಶಿ' ಎಂಬ ಹೆಸರಿನಲ್ಲಿ ಇದನ್ನೇ ಮೊದಲು ಕಲಿಯುತ್ತದೆ.

ಕಾನೊ ತಮ್ಮ ಭಾಷಣಗಳಲ್ಲಿ ಇದಕ್ಕೊಂದು ಲೆಕ್ಕ ಕೊಡುತ್ತಿದ್ದರು. ಎದುರಿಗಿರುವವನ ಬಲ 10, ನನ್ನ ಬಲ 7 ಎಂದುಕೊಳ್ಳಿ. ಅವನು ತನ್ನ ಬಲವನ್ನೆಲ್ಲ ಹಾಕಿ ನನ್ನನ್ನು ತಳ್ಳಿದರೆ, ನಾನು ಎಷ್ಟೇ ಎದುರು ನಿಂತರೂ ಬೀಳುವುದು ಖಂಡಿತ. ಆದರೆ ಅವನು ತಳ್ಳಿದಷ್ಟೇ ನಾನು ಹಿಂದೆ ಸರಿದು ನನ್ನ ಸಮತೋಲನವನ್ನು ಕಾಯ್ದುಕೊಂಡರೆ ಅವನು ಮುಂದಕ್ಕೆ ವಾಲುತ್ತಾನೆ. ವಾಲಿದ ಆ ಕ್ಷಣದಲ್ಲಿ ಅವನ ಬಲ 3ಕ್ಕೆ ಇಳಿದಿರುತ್ತದೆ, ನನ್ನದು ಇನ್ನೂ 7 ಇರುತ್ತದೆ. ಅದರಲ್ಲಿ ಅರ್ಧವನ್ನು ಬಳಸಿದರೂ ನಾನು ಗೆಲ್ಲಬಲ್ಲೆ, ಉಳಿದರ್ಧ ನನ್ನಲ್ಲೇ ಇರುತ್ತದೆ. ಕಾನೊ ಅವರಿಗೆ ಮುಖ್ಯವಾಗಿದ್ದದ್ದು ಗೆಲುವಿಗಿಂತ ಆ ಉಳಿದ ಅರ್ಧ. ಮಣಿಯುವುದೊಂದೇ ಉಪಾಯವಲ್ಲ, ಕೆಲವೊಮ್ಮೆ ನೇರವಾಗಿ ಎದುರಿಸಬೇಕಾಗುತ್ತದೆ ಎಂದು ಅವರಿಗೆ ಗೊತ್ತಿತ್ತು; ಆದ್ದರಿಂದ ಮೃದುತ್ವಕ್ಕಿಂತ ವಿಶಾಲವಾದ ತತ್ವವೊಂದನ್ನು ಹುಡುಕಿದರು. ಯಾವ ಉದ್ದೇಶಕ್ಕೆ ಯಾವ ಶಕ್ತಿ ಎಷ್ಟು ಬೇಕೋ ಅಷ್ಟನ್ನೇ, ವ್ಯರ್ಥವಾಗದಂತೆ ಬಳಸುವುದು. ಮೊದಲನೆಯ ಧ್ಯೇಯವಾಕ್ಯ ಹುಟ್ಟಿದ್ದು ಹೀಗೆ.

ಈ ತತ್ವ ಒಂಟಿಯಾಗಿ ನಿಂತರೆ ಅಪಾಯಕಾರಿ ಎಂಬುದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಕಡಿಮೆ ಶ್ರಮದಲ್ಲಿ ಹೆಚ್ಚು ಫಲ ಎಂಬುದು ಕಳ್ಳನಿಗೂ ಉಪಯೋಗಕ್ಕೆ ಬರುವ ಸೂತ್ರ. ಕಾನೊ ಅವರ ಉತ್ತರ ಹೀಗಿತ್ತು: ಒಂದು ಗುಂಪಿನಲ್ಲಿ ಪ್ರತಿಯೊಬ್ಬನೂ ತನ್ನ ಪಾಡಿಗೆ ಶಕ್ತಿಯನ್ನು ಬಳಸಿದರೆ ಒಬ್ಬನ ಶಕ್ತಿ ಇನ್ನೊಬ್ಬನದನ್ನು ಹೊಡೆದುಹಾಕುತ್ತದೆ, ಆದ್ದರಿಂದ ಗುಂಪಿನ ಒಟ್ಟು ಶಕ್ತಿ ಸದ್ವಿನಿಯೋಗವಾಗಬೇಕಾದರೆ ಪರಸ್ಪರ ನೆರವು, ಪರಸ್ಪರ ರಿಯಾಯಿತಿ ಬೇಕೇ ಬೇಕು. 1932ರಲ್ಲಿ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣದಲ್ಲೂ ಅವರು ಎರಡನೆಯ ಧ್ಯೇಯವನ್ನು ಮೊದಲನೆಯದರಿಂದಲೇ ಹೀಗೆ ಬೆಳೆಸುತ್ತಾರೆ. ತರ್ಕ ಸರಿಯಾಗಿದೆ. ಆದರೂ ಅದು ತುಸು ಒಣ ತರ್ಕ ಎಂದು ನನಗೆ ಅನ್ನಿಸುತ್ತದೆ. ಅದಕ್ಕಿಂತ ಗಟ್ಟಿಯಾದ ಪುರಾವೆ ಕಾನೊ ಅವರ ಚಾಪೆಯ ಮೇಲೆಯೇ ಇತ್ತು.

ಜೂಡೊ ತರಗತಿ ಆರಂಭವಾಗುವುದು ಬೀಳುವುದರಿಂದ. ಬೀಳುವ ಈ ವಿದ್ಯೆಯನ್ನು 'ಉಕೆಮಿ' ಎನ್ನುತ್ತಾರೆ. ಹಿಂದಕ್ಕೆ ಬೀಳುವಾಗ ಗಲ್ಲವನ್ನು ಎದೆಗೆ ಒತ್ತಿ, ಹೊಟ್ಟೆಯ ಮೇಲಿರುವ ಬೆಲ್ಟಿನ ಗಂಟಿನತ್ತ ನೋಟವಿಟ್ಟು, ಬೆನ್ನನ್ನು ದುಂಡಗೆ ಮಾಡಿ, ಎರಡೂ ಅಂಗೈಗಳಿಂದ ಚಾಪೆಯನ್ನು ಬಡಿಯಬೇಕು. ಗಲ್ಲ ಮೇಲೆದ್ದರೆ ತಲೆಯ ಹಿಂಭಾಗ ನೆಲಕ್ಕೆ ಬಡಿಯುತ್ತದೆ. ಕೈಯನ್ನು ಹಿಂದಕ್ಕೆ ಊರಿದರೆ ಮಣಿಕಟ್ಟೋ ಮೊಣಕೈಯೋ ಹೋಗುತ್ತದೆ. ಮೊದಲು ಕುಳಿತು, ನಂತರ ಕುಕ್ಕರಗಾಲಿನಲ್ಲಿ, ಆಮೇಲೆ ನಿಂತು, ಕೊನೆಗೆ ಇನ್ನೊಬ್ಬರ ಕೈಯಿಂದ ಎಸೆಯಿಸಿಕೊಂಡು ಇದನ್ನು ಅಭ್ಯಾಸ ಮಾಡಿಸುತ್ತೇವೆ. ಕಲಿಯಲು ಬಂದ ಮಕ್ಕಳಿಗೆ ಇದು ಬೇಸರ ತರಿಸುತ್ತದೆ, ಪೋಷಕರಿಗೆ ಇನ್ನೂ ಹೆಚ್ಚು. ಯಾವಾಗ ಎಸೆಯುವುದನ್ನು ಹೇಳಿಕೊಡುತ್ತೀರಿ ಸರ್ ಎಂಬ ಪ್ರಶ್ನೆ ಬಾರದ ತಂಡವೇ ಇಲ್ಲ.

ಆದರೆ ಎಸೆತವನ್ನು ಕಲಿಯುವುದು ಯಾರ ಮೇಲೆ? ಎದುರು ನಿಂತ ಇನ್ನೊಬ್ಬ ಮನುಷ್ಯನ ಮೇಲೆ. ಅಭ್ಯಾಸದಲ್ಲಿ ಎಸೆಯುವವರನ್ನು 'ತೋರಿ' ಎಂದೂ ಎಸೆಯಿಸಿಕೊಳ್ಳುವವರನ್ನು 'ಉಕೆ' ಎಂದೂ ಕರೆಯುತ್ತಾರೆ. ಉಕೆ ತನ್ನ ದೇಹವನ್ನು ಸ್ವಲ್ಪ ಹೊತ್ತಿಗೆ ನನ್ನ ಕಲಿಕೆಗಾಗಿ ಒಪ್ಪಿಸುತ್ತಾನೆ. ಅದನ್ನು ಕೆಡದಂತೆ ಹಿಂದಿರುಗಿಸುವುದು ನನ್ನ ಹೊಣೆ. ಅವನಿಗೆ ಪೆಟ್ಟಾದರೆ ನಾಳೆ ನನಗೆ ಜೊತೆಗಾರನಿಲ್ಲ, ಜೊತೆಗಾರನಿಲ್ಲದಿದ್ದರೆ ಕಲಿಕೆಯೂ ಇಲ್ಲ. ಅವನು ನನಗಿಂತ ಚೆನ್ನಾಗಿ ಕಲಿತರೆ ನಾನು ಕಲಿಯುವುದೂ ಹೆಚ್ಚುತ್ತದೆ, ಏಕೆಂದರೆ ನನ್ನ ತಪ್ಪನ್ನು ಅವನು ಕೂಡಲೇ ಹಿಡಿಯುತ್ತಾನೆ. ನಾನೂ ಇತರರೂ ಕೂಡಿ ಏಳಿಗೆಯಾಗುವುದು ಎಂಬ ಮಾತು ಇಲ್ಲಿ ಉಪದೇಶವಾಗಿ ಉಳಿಯುವುದಿಲ್ಲ. ಅದಿಲ್ಲದೆ ತರಗತಿಯೇ ನಡೆಯುವುದಿಲ್ಲ.

ಇದನ್ನು ಒಂದು ಎಸೆತದಲ್ಲಿ ನೋಡೋಣ. 'ಓಸೋತೊ ಗಾರಿ' ಹೊಸಬರು ಮೊದಮೊದಲು ಕಲಿಯುವ ಪಟ್ಟುಗಳಲ್ಲಿ ಒಂದು. ನನ್ನ ಎಡಗೈ ಎದುರಿನವನ ಬಲತೋಳಿನ ಅಂಗಿಯನ್ನು ಮೊಣಕೈಯ ಬಳಿ ಹಿಡಿದಿರುತ್ತದೆ, ಬಲಗೈ ಅವನ ಕೊರಳಪಟ್ಟಿಯ ಮೇಲಿರುತ್ತದೆ. ಅವನ ಭಾರವನ್ನೆಲ್ಲ ಅವನ ಬಲ ಹಿಮ್ಮಡಿಯ ಮೇಲೆ ತಂದು, ನನ್ನ ಬಲಗಾಲನ್ನು ಅವನ ಆ ಕಾಲಿನ ಹಿಂದೆ ಬೀಸಿ ಕೊಯ್ದರೆ ಅವನು ಬೆನ್ನಿನ ಮೇಲೆ ಹಿಂದಕ್ಕೆ ಉರುಳುತ್ತಾನೆ. ಬೀಳುವವನಿಗೆ ನೆಲ ಕಾಣಿಸುವುದಿಲ್ಲ, ತಲೆ ಹಿಂದಕ್ಕೆ ಹೋಗುತ್ತದೆ. ಅವನನ್ನು ಕಾಯುವುದು ಎರಡು ಸಂಗತಿಗಳು: ಅವನು ಕಲಿತ ಉಕೆಮಿ, ಮತ್ತು ಕೊನೆಯವರೆಗೂ ಅವನ ಅಂಗಿತೋಳನ್ನು ಬಿಡದೆ ಮೇಲಕ್ಕೆ ಎಳೆದು ಹಿಡಿದಿರುವ ನನ್ನ ಎಡಗೈ. ಆ ಕೈ ಎಳೆದು ಹಿಡಿದರೆ ಅವನ ಭುಜ, ಬೆನ್ನು ಮೊದಲು ನೆಲ ಮುಟ್ಟಿ ತಲೆ ಮೇಲೆಯೇ ಉಳಿಯುತ್ತದೆ. ಬಿಟ್ಟರೆ, ಅಥವಾ ನಾನೂ ಅವನ ಮೇಲೆ ಕುಸಿದರೆ, ತಲೆಗೆ ಪೆಟ್ಟು. ಅದೇ ಕೈ ಎಸೆತವನ್ನು ನಿಯಂತ್ರಿಸುವ ಕೈಯೂ ಹೌದು. ಅದನ್ನು ಬಿಟ್ಟವನ ಎಸೆತ ಸ್ಪರ್ಧೆಯಲ್ಲೂ ಸಡಿಲವಾಗುತ್ತದೆ. ಒಳ್ಳೆಯ ತಂತ್ರ ಮತ್ತು ಒಳ್ಳೆಯ ನಡತೆ ಇಲ್ಲಿ ಒಂದೇ ಕೈಯ ಕೆಲಸ. ಜೂಡೊದ ನೀತಿ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಆ ಎಡಗೈಯನ್ನು ತೋರಿಸುತ್ತೇನೆ.

ಕಾನೊ ಅವರ ಜೀವನಚರಿತ್ರೆಗಳಲ್ಲಿ ಬರುವ ಒಂದು ಪ್ರಸಂಗ ಇದಕ್ಕೆ ಹೊಂದುತ್ತದೆ. ಯೂರೋಪಿನಿಂದ 1891ರಲ್ಲಿ ಹಡಗಿನಲ್ಲಿ ಹಿಂದಿರುಗುವಾಗ, ಬಲಶಾಲಿಯಾದ ರಷ್ಯನ್ ನೌಕಾಧಿಕಾರಿಯೊಬ್ಬನೊಡನೆ ಸೆಣಸುವ ಸಂದರ್ಭ ಬಂದಿತು. ಕಾನೊ ಅವನನ್ನು ಎಸೆದರು. ಎಸೆಯುವಾಗಲೇ ಅವನ ತಲೆ ಹಡಗಿನ ಅಟ್ಟಕ್ಕೆ ಬಡಿಯದಂತೆ ಕೈಯೊಡ್ಡಿ ಹಿಡಿದರು. ನೋಡುತ್ತಿದ್ದವರು ಮೆಚ್ಚಿದ್ದು ಎಸೆತಕ್ಕಿಂತ ಹೆಚ್ಚಾಗಿ ಆ ಕೈಯನ್ನು ಎನ್ನುತ್ತಾರೆ.

ಕೊಡೊಕಾನ್ ಆರಂಭವಾದದ್ದು ತೋಕಿಯೊದ ಎಯ್ಶೋಜಿ ಎಂಬ ಬೌದ್ಧ ದೇವಾಲಯದಲ್ಲಿ, ಹನ್ನೆರಡು ಚಾಪೆಗಳಷ್ಟು ಜಾಗದಲ್ಲಿ. ಮೊದಲ ವರ್ಷ ಸೇರಿದವರು ಬೆರಳೆಣಿಕೆಯಷ್ಟು ಶಿಷ್ಯರು. ಗುರುವಿಗೆ ಇಪ್ಪತ್ತೊಂದು ವರ್ಷ. ಸೇರುವವರು ಐದು ಅಂಶಗಳ ಪ್ರಮಾಣಕ್ಕೆ ಸಹಿ ಹಾಕಬೇಕಿತ್ತು: ಸಕಾರಣವಿಲ್ಲದೆ ಅಭ್ಯಾಸ ಬಿಡುವುದಿಲ್ಲ, ಡೋಜೋಗೆ, ಎಂದರೆ ಅಭ್ಯಾಸ ಶಾಲೆಗೆ, ಕೆಟ್ಟ ಹೆಸರು ತರುವುದಿಲ್ಲ, ಅನುಮತಿಯಿಲ್ಲದೆ ಇಲ್ಲಿನ ವಿದ್ಯೆಯನ್ನು ಹೊರಗೆಡಹುವುದಿಲ್ಲ, ಅನುಮತಿಯಿಲ್ಲದೆ ಕಲಿಸುವುದಿಲ್ಲ, ನಿಯಮಗಳನ್ನು ಪಾಲಿಸುತ್ತೇನೆ ಎಂದು. ಇದು ಹಳೆಯ ಗುರುಮನೆಗಳ ರೀತಿಯೇ, ಇದರಲ್ಲಿ ಹೊಸತೇನೂ ಇಲ್ಲ. ಹೊಸತು ಇದ್ದದ್ದು ಬೋಧನೆಯ ಕ್ರಮದಲ್ಲಿ. ನಿಗದಿತ ಪಟ್ಟುಗಳ ಅಭ್ಯಾಸವಾದ 'ಕತಾ', ಮುಕ್ತ ಸೆಣಸಾಟವಾದ 'ರಾಂದೊರಿ' ಇವುಗಳ ಜೊತೆಗೆ ಕಾನೊ ಉಪನ್ಯಾಸವನ್ನೂ ಪ್ರಶ್ನೋತ್ತರವನ್ನೂ ತರಬೇತಿಯ ಅಂಗವಾಗಿಯೇ ಸೇರಿಸಿದರು. ಕೇಳಿದ್ದಕ್ಕೆ ಎಸೆತವೇ ಉತ್ತರವಾಗಿದ್ದ ಶಿಷ್ಯ, ತಾನು ಗುರುವಾದಾಗ ಕೇಳುವುದನ್ನೇ ಪಾಠದೊಳಗೆ ತಂದ. ಇದನ್ನು ನಾನು ಜೂಡೊದ ಮೌಲ್ಯಗಳಲ್ಲಿ ಒಂದೆಂದೇ ಎಣಿಸುತ್ತೇನೆ, ಯಾವ ಪಟ್ಟಿಯಲ್ಲೂ ಅದು ಇಲ್ಲದಿದ್ದರೂ.

ಅವರು ವೃತ್ತಿಯಿಂದ ಶಿಕ್ಷಕರು. ತೋಕಿಯೊದ ಉನ್ನತ ಶಿಕ್ಷಕ ತರಬೇತಿ ಶಾಲೆಯ ಪ್ರಾಂಶುಪಾಲರಾಗಿ ಎರಡು ದಶಕಗಳಿಗೂ ಮೀರಿ ಕೆಲಸ ಮಾಡಿದರು. 1896ರಿಂದ ಚೀನಾದ ವಿದ್ಯಾರ್ಥಿಗಳನ್ನು ಬರಮಾಡಿಕೊಂಡು ಓದಿಸಿದರು, ಅವರಿಗಾಗಿ ಸ್ಥಾಪಿಸಿದ ಶಾಲೆಯಲ್ಲಿ ಮುಂದೆ ದೊಡ್ಡ ಲೇಖಕರಾದ ಲು ಶುನ್ ಕೂಡ ಕಲಿತರು. 1909ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಸೇರಿದ ಮೊದಲ ಏಷ್ಯನ್ ಅವರೇ. ಜೂಡೊವನ್ನು ಅವರು ಮೂರು ಹಂತಗಳಾಗಿ ನೋಡುತ್ತಿದ್ದರು: ಕೆಳಗಿನದು ಆತ್ಮರಕ್ಷಣೆ, ನಡುವಿನದು ದೇಹ ಮನಸ್ಸುಗಳ ಸಂಸ್ಕಾರ, ಮೇಲಿನದು ಹೀಗೆ ಗಳಿಸಿದ ಶಕ್ತಿಯನ್ನು ಸಮಾಜದ ಒಳಿತಿಗೆ ತೊಡಗಿಸುವುದು. ನಮ್ಮಲ್ಲಿ ಜಾಹೀರಾತು ಬರುವುದೆಲ್ಲ ಕೆಳಗಿನ ಹಂತದ ಹೆಸರಿನಲ್ಲಿ ಎಂಬುದನ್ನು ತಾವು ಗಮನಿಸಿರಬಹುದು.

ನಮ್ಮ ದೇಶಕ್ಕೂ ಈ ಕಲೆ ಬಂದದ್ದು ಶಿಕ್ಷಣದ ಮೂಲಕವೇ. ರವೀಂದ್ರನಾಥ ಠಾಕೂರರು 1929ರಲ್ಲಿ ಶಿನ್‌ಝೊ ತಕಗಾಕಿ ಎಂಬ ಜೂಡೊ ಗುರುವನ್ನು ಶಾಂತಿನಿಕೇತನಕ್ಕೆ ಕರೆಸಿದರು. ಅಲ್ಲಿ ಹುಡುಗಿಯರೂ ಕಲಿತರು. ಇಂದು ನಮ್ಮ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಕ್ರೀಡಾ ತರಬೇತಿ ಸಂಸ್ಥೆಯಲ್ಲಿ ದೇಶದ ನಾನಾ ರಾಜ್ಯಗಳ ಜೂಡೊಪಟುಗಳು ಅಭ್ಯಾಸ ಮಾಡುತ್ತಾರೆ. ಗರಡಿಮನೆಗಳ ನಾಡಾದ ನಮಗೆ ಇದರಲ್ಲಿ ಪರಕೀಯವೆನಿಸುವುದು ಕಡಿಮೆ. ಅಖಾಡದ ಮಣ್ಣು ಮುಟ್ಟಿ ನಮಸ್ಕರಿಸಿ ಇಳಿಯುವ, ದಸರಾ ಕುಸ್ತಿಗೆ ಮುನ್ನ ಹಿರಿಯ ಉಸ್ತಾದರು ಕೂತು ಸಮಬಲದವರನ್ನೇ ನೋಡಿ ಜೋಡಿ ಕಟ್ಟುವ ಪದ್ಧತಿಯನ್ನು ಬಲ್ಲವರಿಗೆ, ಎದುರಾಳಿಯನ್ನು ಆರಿಸುವುದರಲ್ಲೇ ನ್ಯಾಯ ಆರಂಭವಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಧ್ಯೇಯವಾಕ್ಯದ ನಿಜವಾದ ಪರೀಕ್ಷೆ ನಡೆಯುವುದು ಗೆಲುವು ಎದುರಿಗೆ ನಿಂತಾಗ. 1964ರ ಅಕ್ಟೋಬರ್ 23ರಂದು ತೋಕಿಯೊದ ಬುದೊಕಾನ್ ಸಭಾಂಗಣದಲ್ಲಿ, ಜೂಡೊ ಮೊದಲ ಸಲ ಒಲಿಂಪಿಕ್ಸಿಗೆ ಬಂದ ವರ್ಷ, ತೂಕದ ಮಿತಿಯಿಲ್ಲದ ಮುಕ್ತ ವಿಭಾಗದ ಅಂತಿಮ ಪಂದ್ಯದಲ್ಲಿ ನೆದರ್‌ಲ್ಯಾಂಡ್ಸಿನ ಆಂಟನ್ ಹೇಸಿಂಕ್ ಜಪಾನಿನ ಅಕಿಯೊ ಕಾಮಿನಾಗಾ ಅವರನ್ನು ನೆಲಕ್ಕೆ ಅದುಮಿ ಹಿಡಿದು ಗೆದ್ದರು. ಜಪಾನಿಗೆ ಅದು ದೊಡ್ಡ ಆಘಾತ. ಗೆದ್ದ ಕೂಡಲೇ ಸಂಭ್ರಮ ತಡೆಯಲಾರದ ನೆದರ್‌ಲ್ಯಾಂಡ್ಸಿನ ಬೆಂಬಲಿಗರು ಚಾಪೆಯತ್ತ ನುಗ್ಗಿದರು. ಇನ್ನೂ ಪೂರ್ತಿ ಮೇಲೇಳದ ಹೇಸಿಂಕ್ ಕೈಯೆತ್ತಿ, ಬರಬೇಡಿ ಎಂದು ಅವರನ್ನು ತಡೆದರು. ಸೋತವನು ಇನ್ನೂ ಚಾಪೆಯ ಮೇಲಿದ್ದ, ಪರಸ್ಪರ ವಂದನೆ ಇನ್ನೂ ಆಗಿರಲಿಲ್ಲ. ಆ ಸೋಲನ್ನು ಜಪಾನೀಯರು ನುಂಗಿಕೊಳ್ಳಲು ಆ ಒಂದು ಕೈಸನ್ನೆ ಎಷ್ಟು ನೆರವಾಯಿತು ಎಂಬುದನ್ನು ಅಲ್ಲಿನವರು ಇಂದಿಗೂ ಹೇಳುತ್ತಾರೆ.

ಇಪ್ಪತ್ತು ವರ್ಷಗಳ ನಂತರ, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ, ಜಪಾನಿನ ಯಾಸುಹಿರೊ ಯಾಮಾಶಿತಾ ಬಲಗಾಲಿನ ಮೀನಖಂಡದ ಗಾಯದಿಂದ ಕುಂಟುತ್ತಲೇ ಅಂತಿಮ ಪಂದ್ಯಕ್ಕೆ ಬಂದರು. ಎದುರಾಳಿ ಈಜಿಪ್ಟಿನ ಮೊಹಮ್ಮದ್ ರಶ್ವಾನ್. ಯಾಮಾಶಿತಾ ಗೆದ್ದರು. ಗಾಯಗೊಂಡ ಕಾಲನ್ನು ಗುರಿಯಾಗಿಸಿ ಗೆಲ್ಲಲು ತನಗೆ ಮನಸ್ಸಿರಲಿಲ್ಲ ಎಂದು ರಶ್ವಾನ್ ಪಂದ್ಯದ ನಂತರ ಹೇಳಿದರು. ಅವರಿಗೆ ಅಂತರರಾಷ್ಟ್ರೀಯ ಫೇರ್ ಪ್ಲೇ ಪ್ರಶಸ್ತಿ ಬಂದಿತು. ಪಂದ್ಯದ ದೃಶ್ಯಗಳನ್ನು ನಿಧಾನವಾಗಿ ಓಡಿಸಿ, ಅವರು ಬಲಗಡೆಗೆ ಒಮ್ಮೆಯೂ ಸುಳಿಯಲೇ ಇಲ್ಲವೇ ಎಂದು ಚರ್ಚಿಸುವವರು ಇಂದಿಗೂ ಇದ್ದಾರೆ. ಆ ಚರ್ಚೆ ಏನೇ ಇರಲಿ, ಪದಕದ ವೇದಿಕೆ ಹತ್ತಲು ಯಾಮಾಶಿತಾ ತಡವರಿಸಿದಾಗ ಆಸರೆಗೆ ಚಾಚಿದ ಕೈ ರಶ್ವಾನ್ ಅವರದೇ. ಇದೇ ಯಾಮಾಶಿತಾ ಅವರ ಕಾಲು 1980ರ ಪಂದ್ಯವೊಂದರಲ್ಲಿ 'ಕಾನಿ ಬಸಾಮಿ' ಎಂಬ ಕತ್ತರಿ ಪಟ್ಟಿನಿಂದ ಮುರಿದಿತ್ತು. ಆ ಪಟ್ಟು ಇಂದು ಸ್ಪರ್ಧೆಗಳಲ್ಲಿ ನಿಷಿದ್ಧ. ತಲೆಯನ್ನು ಮುಂದೆ ಚಾಚಿ ನೆಲಕ್ಕೆ ಧುಮುಕುತ್ತಾ ಎಸೆಯುವವನನ್ನೂ ನೇರವಾಗಿ ಅನರ್ಹಗೊಳಿಸುತ್ತಾರೆ. ಅಲ್ಲಿ ಅಪಾಯವಿರುವುದು ಅವನ ಕುತ್ತಿಗೆಗೇ ಆದರೂ. ನಿಯಮಪುಸ್ತಕದ ಇಂಥ ಸಾಲುಗಳು ಧ್ಯೇಯವಾಕ್ಯಕ್ಕಿಂತ ಕಡಿಮೆ ಸುಂದರವಾಗಿರಬಹುದು, ಆದರೆ ಅದೇ ಮೌಲ್ಯವನ್ನು ಹೊತ್ತಿರುವುದು ಅವೇ.

ಕೆಲವೊಮ್ಮೆ ಧ್ಯೇಯಕ್ಕೆ ಅಡ್ಡ ಬರುವುದು ಆಟಗಾರನಲ್ಲ, ಅವನ ಹಿಂದಿರುವ ಅಧಿಕಾರ. 2019ರಲ್ಲಿ ಅದೇ ಬುದೊಕಾನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ, ಹಾಲಿ ಚಾಂಪಿಯನ್ ಆಗಿದ್ದ ಇರಾನಿನ ಸಯೀದ್ ಮೊಲ್ಲಾಯಿ ಅವರಿಗೆ, ಇಸ್ರೇಲಿನ ಸಾಗಿ ಮುಕಿ ಎದುರಾಗುವುದನ್ನು ತಪ್ಪಿಸಲು ಕಣದಿಂದ ಹಿಂದೆ ಸರಿಯಬೇಕೆಂದು ಅವರ ದೇಶದ ಅಧಿಕಾರಿಗಳು ಒತ್ತಡ ಹೇರಿದರು. ಮೊಲ್ಲಾಯಿ ತಮ್ಮ ದೇಶಕ್ಕೆ ಹಿಂದಿರುಗಲಿಲ್ಲ. ಮಂಗೋಲಿಯಾದ ಪರವಾಗಿ ಆಡಿ, 2021ರಲ್ಲಿ ಅದೇ ಸಭಾಂಗಣದಲ್ಲಿ ಒಲಿಂಪಿಕ್ ಬೆಳ್ಳಿ ಗೆದ್ದರು. ಮುಕಿ ಮತ್ತು ಅವರು ಗೆಳೆಯರಾಗಿಯೇ ಉಳಿದರು. ಎದುರಾಳಿಯಾಗಿ ನಿಲ್ಲಲು ಒಪ್ಪುವುದೂ ಒಂದು ಬಗೆಯ ಗೌರವ ಎಂಬುದನ್ನು ಈ ಪ್ರಕರಣದಷ್ಟು ಸ್ಪಷ್ಟವಾಗಿ ತೋರಿಸುವ ಬೇರೊಂದನ್ನು ನಾನು ಅರಿಯೆ.

ಇನ್ನು ಕಹಿಯಾದ ಭಾಗಕ್ಕೆ ಬರುತ್ತೇನೆ. ಇದನ್ನು ಹೇಳದೆ ಮೌಲ್ಯಗಳ ಬಗ್ಗೆ ಮಾತನಾಡುವುದು ಪ್ರಾಮಾಣಿಕವಾಗದು. ಜಪಾನಿನ ಶಾಲೆಗಳಲ್ಲಿ 1983ರ ನಂತರದ ಮೂರು ದಶಕಗಳಲ್ಲಿ ಜೂಡೊ ಅಭ್ಯಾಸದ ವೇಳೆ ನೂರಕ್ಕೂ ಹೆಚ್ಚು ಮಕ್ಕಳು ಸತ್ತರು. ತಲೆಗಾದ ಪೆಟ್ಟೇ ಮುಖ್ಯ ಕಾರಣ. ಸತ್ತವರಲ್ಲಿ ಆಗತಾನೇ ಸೇರಿದ ಹೊಸಬರು ಬಹಳ ಮಂದಿ. ಮತ್ತೆ ಮತ್ತೆ ಕಾಣಿಸಿಕೊಂಡ ಎಸೆತ ನಾನು ಈಗತಾನೇ ವರ್ಣಿಸಿದ ಓಸೋತೊ ಗಾರಿ. ಇದು ಬೆಳಕಿಗೆ ಬಂದದ್ದು ಮಕ್ಕಳನ್ನು ಕಳೆದುಕೊಂಡ ತಂದೆತಾಯಂದಿರು ಸಂಘಟಿತರಾಗಿ ಕೇಳಲಾರಂಭಿಸಿದ ಮೇಲೆ, ಸಂಶೋಧಕರು ಲೆಕ್ಕ ತೆಗೆದ ಮೇಲೆ. 2012ರಿಂದ ಕಿರಿಯ ಪ್ರೌಢಶಾಲೆಗಳಲ್ಲಿ ಯುದ್ಧಕಲೆ ಕಡ್ಡಾಯವಾಗಲಿದ್ದ ಹೊತ್ತಿನಲ್ಲಿ ಈ ಪ್ರಶ್ನೆ ಇನ್ನಷ್ಟು ತುರ್ತಿನದಾಯಿತು. ಸುರಕ್ಷತೆಯ ಮಾರ್ಗಸೂಚಿಗಳು ಬಿಗಿಯಾದವು, ಸಾವುಗಳು ಇಳಿದವು. ಎಂದರೆ ಅವು ತಪ್ಪಿಸಬಹುದಾಗಿದ್ದ ಸಾವುಗಳು. ಫ್ರಾನ್ಸಿನಲ್ಲಿ ಜೂಡೊ ಕಲಿಯುವ ಮಕ್ಕಳು ಲಕ್ಷಗಟ್ಟಲೆ ಇದ್ದಾರೆ, ಅಲ್ಲಿ ಇಂಥ ಸಾವುಗಳ ಸಾಲು ಕಂಡುಬಂದಿರಲಿಲ್ಲ. ಅಲ್ಲಿ ಸರ್ಕಾರದ ಅರ್ಹತಾಪತ್ರವಿಲ್ಲದೆ ಯಾರೂ ಸಂಬಳಕ್ಕೆ ಜೂಡೊ ಕಲಿಸುವಂತಿಲ್ಲ. ವಿನಯ, ಧೈರ್ಯ, ಪ್ರಾಮಾಣಿಕತೆ, ಗೌರವ, ಸ್ನೇಹ ಮೊದಲಾದ ಎಂಟು ಮೌಲ್ಯಗಳ ಫಲಕ ಫ್ರೆಂಚ್ ಜೂಡೊ ಕೇಂದ್ರಗಳ ಗೋಡೆಯಿಂದಲೇ ಜಗತ್ತಿಗೆಲ್ಲ ಹರಡಿದ್ದು. ಆದರೆ ಮಕ್ಕಳನ್ನು ಕಾಯ್ದದ್ದು ಆ ಫಲಕವೋ, ಅರ್ಹತಾಪತ್ರವೋ ಎಂದು ಕೇಳಿದರೆ ನಾನು ಅರ್ಹತಾಪತ್ರ ಎನ್ನುತ್ತೇನೆ.

2013ರ ಆರಂಭದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಜಪಾನಿನ ಹದಿನೈದು ಮಂದಿ ಉನ್ನತ ಮಟ್ಟದ ಮಹಿಳಾ ಜೂಡೊಪಟುಗಳು, ತರಬೇತಿಯಲ್ಲಿ ತಮ್ಮನ್ನು ಹೊಡೆದು ಹೀನಾಯವಾಗಿ ನಡೆಸಿಕೊಳ್ಳಲಾಗಿದೆ ಎಂದು ದೇಶದ ಒಲಿಂಪಿಕ್ ಸಮಿತಿಗೆ ದೂರು ಕೊಟ್ಟಿದ್ದರು. ಮುಖ್ಯ ತರಬೇತುದಾರರು ರಾಜೀನಾಮೆ ನೀಡಬೇಕಾಯಿತು. ಕಾನೊ ಅವರ ದೇಶದಲ್ಲೇ, ಅವರ ಮಾತುಗಳನ್ನು ಪ್ರತಿದಿನ ಗೋಡೆಯ ಮೇಲೆ ನೋಡುವ ಜನರ ನಡುವೆಯೇ ಇದು ನಡೆಯಿತು. ಮಹಿಳೆಯರ ವಿಷಯದಲ್ಲಿ ಇದು ಮೊದಲನೆಯ ಅನ್ಯಾಯವೂ ಅಲ್ಲ. ಕಾನೊ ಅವರ ಮೊದಲ ಗುರು ಫುಕುದಾ ಅವರ ಮೊಮ್ಮಗಳು ಕೇಕೊ ಫುಕುದಾ, ಸ್ವತಃ ಕಾನೊ ಅವರ ಆಹ್ವಾನದಿಂದ 1935ರಲ್ಲಿ ಜೂಡೊ ಕಲಿಯಲು ಬಂದು ತಮ್ಮ ಬದುಕನ್ನೆಲ್ಲ ಅದಕ್ಕೇ ಕೊಟ್ಟರು. ಹೆಣ್ಣೆಂಬ ಒಂದೇ ಕಾರಣಕ್ಕೆ ಅವರನ್ನು ಕಪ್ಪು ಬೆಲ್ಟಿನ 'ದಾನ್' ದರ್ಜೆಗಳಲ್ಲಿ ಐದನೆಯದರಲ್ಲೇ ವರ್ಷಾನುಗಟ್ಟಲೆ ನಿಲ್ಲಿಸಲಾಗಿತ್ತು. ಅಮೆರಿಕದ ಜೂಡೊ ಸಂಸ್ಥೆ ಅವರಿಗೆ ಹತ್ತನೆಯ ದಾನ್ ಕೊಟ್ಟಾಗ ಅವರಿಗೆ 98 ವರ್ಷ.

ಈ ಎರಡೂ ಬಗೆಯ ತಪ್ಪಿಗೆ ಮೂಲ ಒಂದೇ ಎಂಬುದು ನನ್ನ ತಿಳಿವಳಿಕೆ. ಜೊತೆಗಾರನನ್ನು, ಶಿಷ್ಯೆಯನ್ನು, ಹೊಸದಾಗಿ ಬಂದ ಮಗುವನ್ನು ತನ್ನ ಗೆಲುವಿನ, ತನ್ನ ಶಾಲೆಯ ಪದಕದ, ತನ್ನ ಸಂಸ್ಥೆಯ ಹೆಸರಿನ ಸಾಧನವಾಗಿ ಕಾಣಲಾರಂಭಿಸಿದ ಕ್ಷಣದಲ್ಲಿ ಎರಡನೆಯ ಧ್ಯೇಯ ಸತ್ತಿರುತ್ತದೆ. ಉಳಿಯುವುದು ಮೊದಲನೆಯದು ಮಾತ್ರ, ಅದೂ ಒಳಿತಿನ ಅಂಶ ಕಳಚಿಹೋದ ಬರೀ ಸಾಮರ್ಥ್ಯ. 1930ರ ದಶಕದಲ್ಲಿ ಜಪಾನಿನ ಶಾಲೆಗಳ ಯುದ್ಧಕಲೆಯನ್ನು ಸೈನಿಕ ರಾಷ್ಟ್ರವಾದ ತನ್ನ ಕೆಲಸಕ್ಕೆ ಹಚ್ಚಿಕೊಂಡಾಗ ಆದದ್ದೂ ಇದೇ. 1940ರ ಒಲಿಂಪಿಕ್ಸನ್ನು ತೋಕಿಯೊಗೆ ಉಳಿಸಿಕೊಳ್ಳಲು ಕೈರೊ ಸಭೆಗೆ ಹೋಗಿದ್ದ ಕಾನೊ, ಹಿಂದಿರುಗುವಾಗ 1938ರ ಮೇ 4ರಂದು ಹಡಗಿನಲ್ಲೇ ತೀರಿಕೊಂಡರು. ಮೂರು ತಿಂಗಳು ಕಳೆಯುವ ಮೊದಲೇ, ಚೀನಾದಲ್ಲಿ ಯುದ್ಧ ಹೂಡಿದ್ದ ಜಪಾನ್ ಆ ಕ್ರೀಡಾಕೂಟವನ್ನೇ ಕೈಬಿಟ್ಟಿತು.

ಹಾಗಾದರೆ ಸ್ಪರ್ಧೆಯೇ ಬೇಡವೇ ಎಂದು ಕಳೆದ ಬಾರಿ ಇಂಥದೇ ಸಭೆಯಲ್ಲಿ ಒಬ್ಬ ತಾಯಿ ಕೇಳಿದರು. ಬೇಕು, ಹೇಸಿಂಕ್ ಅವರ ಕೈಸನ್ನೆಗೆ ಅರ್ಥ ಬಂದದ್ದು ಅದು ಒಲಿಂಪಿಕ್ ಫೈನಲ್ ಆಗಿದ್ದರಿಂದಲೇ. ಆದರೆ ಯಾವ ವಯಸ್ಸಿಗೆ ಯಾವ ಸ್ಪರ್ಧೆ ಎಂಬುದನ್ನು ಯೋಚಿಸಬೇಕು. 2022ರಲ್ಲಿ ಅಖಿಲ ಜಪಾನ್ ಜೂಡೊ ಒಕ್ಕೂಟ ಪ್ರಾಥಮಿಕ ಶಾಲಾ ಮಕ್ಕಳ ರಾಷ್ಟ್ರಮಟ್ಟದ ವೈಯಕ್ತಿಕ ಪಂದ್ಯಾವಳಿಯನ್ನು ನಿಲ್ಲಿಸಿತು. ಗೆಲುವೇ ಸರ್ವಸ್ವ ಎಂಬ ಭಾವನೆ ಅತಿಯಾಗಿದೆ, ಎಳೆಯ ಮಕ್ಕಳಿಂದ ತೂಕ ಇಳಿಸಲಾಗುತ್ತಿದೆ, ತರಬೇತುದಾರರೂ ಪೋಷಕರೂ ಅಂಚಿನಲ್ಲಿ ನಿಂತು ಮಕ್ಕಳನ್ನೂ ತೀರ್ಪುಗಾರರನ್ನೂ ಬೈಯುತ್ತಿದ್ದಾರೆ ಎಂಬುದು ಅದಕ್ಕೆ ಕಾರಣ. ಆಗ ಆ ಒಕ್ಕೂಟದ ಅಧ್ಯಕ್ಷರಾಗಿದ್ದವರು ಇದೇ ಯಾಮಾಶಿತಾ.

ನಮ್ಮಲ್ಲಿಯೂ ಇದನ್ನು ಆರಂಭಿಸಬಹುದು. ಹತ್ತು ವರ್ಷದೊಳಗಿನ ಮಕ್ಕಳಿಗೆ ಪದಕದ ಪಂದ್ಯಗಳ ಬದಲು ಉಕೆಮಿ ಮತ್ತು ಕತಾ ಪ್ರದರ್ಶನವನ್ನು ಇಡಬಹುದು. ಅದರಲ್ಲಿ ಎಸೆದ ಮಗುವಿಗೆ ಎಷ್ಟು ಅಂಕವೋ, ಚೆನ್ನಾಗಿ ಬಿದ್ದ ಮಗುವಿಗೂ ಅಷ್ಟೇ ಅಂಕವಿರಲಿ. ಹೊಸಬರ ಬೀಳುವಿಕೆಯನ್ನು ಶಿಕ್ಷಕರು ಕಣ್ಣಾರೆ ನೋಡಿ ಒಪ್ಪುವವರೆಗೆ ಓಸೋತೊ ಗಾರಿಯನ್ನು ಅವರ ಮೇಲೆ ಯಾರೂ ಹಾಕಬಾರದು. ತಲೆಗೆ ಪೆಟ್ಟಾದ ಮಗು, ನೋವಿಲ್ಲ ಎಂದು ತಾನೇ ಹೇಳಿದರೂ, ವೈದ್ಯರನ್ನು ಕಾಣದೆ ಮತ್ತೆ ಚಾಪೆ ಹತ್ತಬಾರದು. ಇನ್ನು ಪೋಷಕರಲ್ಲಿ ನನ್ನ ಕೋರಿಕೆ: ಮಗುವನ್ನು ಸೇರಿಸುವ ಮುನ್ನ ಒಂದು ಪೂರ್ತಿ ತರಗತಿಯನ್ನು ಕುಳಿತು ನೋಡಿ; ದೊಡ್ಡ ಮಕ್ಕಳು ಚಿಕ್ಕವರನ್ನು ಎಸೆಯುವಾಗ ಅಂಗಿತೋಳು ಹಿಡಿದ ಕೈ ಕೊನೆಯವರೆಗೂ ಹಾಗೆಯೇ ಇರುತ್ತದೆಯೇ, ಬಿಟ್ಟಾಗ ಶಿಕ್ಷಕರು ತರಗತಿಯನ್ನು ನಿಲ್ಲಿಸಿ ತಿದ್ದುತ್ತಾರೆಯೇ ಎಂಬುದನ್ನು ಗಮನಿಸಿ, ಆಮೇಲೆ ಶುಲ್ಕ ಕಟ್ಟಿ.